ಹದದ ನೀರು

ಮೊಮ್ಮಗುವಿನ ಹಿಮ್ಮಡಿಯಲ್ಲಿ ಮತ್ತೊಂದು ಬೊಬ್ಬೆ ಎದ್ದಿತ್ತು, ದ್ರಾಕ್ಷಿಯಷ್ಟು ದಪ್ಪ. ಬಚ್ಚಲಲ್ಲಿ ನೀರು ಹುಯ್ಯುತ್ತಿದ್ದ ಅತ್ತೆ ತಂಬಿಗೆ ಕೆಳಗಿಟ್ಟರು.

"ನೀರಿನ ಹದ ಗೊತ್ತಿಲ್ಲ ನಿಂಗೆ, ಕೂಸನ್ನ ಬೇಯಿಸ್ತಿದ್ದೀಯ" ಎಂದು ಸೊಸೆಯನ್ನು ತರಾಟೆಗೆ ತೆಗೆದುಕೊಂಡು, ಹೋದ ವಾರ ತಂಬಿಗೆ ಕಿತ್ತುಕೊಂಡವರು ಇದೇ ಅತ್ತೆ. ಇವತ್ತು ಮೊಣಕೈ ಅದ್ದಿ ನೋಡಿ, ಸಾಲದೆಂದು ಇನ್ನಷ್ಟು ತಣ್ಣೀರು ಬೆರೆಸಿ ಹುಯ್ದಿದ್ದರು. ಆದರೂ ಬೊಬ್ಬೆ! ಅವರಿಗೆ ದಿಕ್ಕೇ ತೋಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ಬಂದು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ನಾಲ್ಕು ಮಾತು ಆಡಿಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಚರ್ಮದ ಡಾಕ್ಟರಮ್ಮ ಮಗುವನ್ನು ನೋಡಿದರು. ಆಮೇಲೆ ಅದನ್ನು ಎತ್ತಿಕೊಂಡಿದ್ದ ಅಪ್ಪನ ಅಂಗೈಯಲ್ಲಿದ್ದ ಒಣಗಿದ ಬೊಬ್ಬೆಗಳನ್ನು ನೋಡಿದರು.

"ನಿಮಗೂ ಬರುತ್ತಾ?"

"ಸೆಕೆಗಾಲದಲ್ಲಿ ಸ್ವಲ್ಪ ನಡೆದ್ರೆ ಸಾಕು, ಪಾದದ ತುಂಬಾ. ಹಸುಗೂಸಾಗಿದ್ದಾಗ ಅಮ್ಮ ಸುಡುನೀರು ಹುಯ್ದುಬಿಟ್ಟಿದ್ಳಂತೆ. ನಮ್ಮಜ್ಜಿ ಹೇಳಿ ಹೇಳಿ ನಗ್ತಿದ್ರು." ಮಗನೂ ನಕ್ಕ. ಮನೆಯಲ್ಲಿ ಅದು ಹಳೇ ತಮಾಷೆ. ಅತ್ತೆ ಮಾತ್ರ ಅದಕ್ಕೆ ಎಂದೂ ನಕ್ಕವರಲ್ಲ.

"ನಿಮ್ಮ ತಂದೆಗೆ?"

"ಅವರಿಗೂ ಇತ್ತು. ಚಪ್ಪಲಿ ಕಚ್ಚುತ್ತೆ ಅಂತಿದ್ರು."

"ಚಪ್ಪಲಿಯೂ ಅಲ್ಲ, ನೀರೂ ಅಲ್ಲ" ಎಂದರು ಡಾಕ್ಟರಮ್ಮ. "ವಂಶದಲ್ಲಿ ಇಳಿದು ಬರೋ ಅಪರೂಪದ ಕಾಯಿಲೆ ಅನ್ಸುತ್ತೆ. ಚರ್ಮದ ಪದರಗಳಿಗೆ ಹಿಡಿತ ಕಮ್ಮಿ, ಸ್ವಲ್ಪ ಉಜ್ಜಿದ್ರೂ ಬೊಬ್ಬೆ ಏಳುತ್ತೆ. ರಕ್ತ ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಅಡಿಯಿಂದ ಅಂಗೈ ಕೊಟ್ಟು ಎತ್ತಿ. ಅಂಟುಪಟ್ಟಿ ಬೇಡವೇ ಬೇಡ. ಬೊಬ್ಬೆಯ ನೀರು ತೆಗೆಯೋದು ಹೇಗೆ ಅಂತ ನಾನೇ ತೋರಿಸಿಕೊಡ್ತೀನಿ."

ಅರ್ಧ ಮಾತು ಅತ್ತೆಯ ತಲೆಗೆ ಹೋಗಲೇ ಇಲ್ಲ. ಇಷ್ಟು ವರ್ಷ ಹೊತ್ತ ಅಪವಾದ ಹೀಗೆ ಕೂತಲ್ಲೇ ಇಳಿದುಹೋದರೆ ಸಂತೋಷಪಡಬೇಕೋ, ಅಳಬೇಕೋ? ಜಗಳಕ್ಕೆ ನಿಲ್ಲೋಣವೆಂದರೆ ಅದನ್ನು ಹೊರಿಸಿದ ತಮ್ಮ ಅತ್ತೆ ಎಂದೋ ಕಣ್ಣು ಮುಚ್ಚಿದ್ದರು. ಇನ್ನು ಅದನ್ನೇ ತಾವು ಹೊರಿಸಿದ್ದು ಯಾರ ಮೇಲೆ? ಅವಳು ಪಕ್ಕದಲ್ಲೇ ಕೂತಿದ್ದಳು. ಅತ್ತೆಗೆ ಆ ಕಡೆ ತಿರುಗಲು ಧೈರ್ಯ ಸಾಲಲಿಲ್ಲ.

ಮರುದಿನ ಬೆಳಗ್ಗೆ ಸೊಸೆ ನೀರು ತುಂಬಿಟ್ಟು ಕರೆದಳು. "ಅತ್ತೆ, ಒಂಚೂರು ಕೈಯಿಟ್ಟು ನೋಡ್ತೀರಾ? ಬಿಸಿ ಇದ್ಯಾ?"

ಅತ್ತೆ ಕೈಯಿಡಲಿಲ್ಲ. ತಂಬಿಗೆ ಎತ್ತಿ ಸೊಸೆಯ ಕೈಗೆ ಕೊಟ್ಟರು.

"ಇಲ್ಲ ಕಣಮ್ಮ. ನಿಂದೂ ಬಿಸಿ ಇರ್ಲಿಲ್ಲ, ನಂದೂ ಇರ್ಲಿಲ್ಲ."