ಅಕ್ಕನ ಪಾಳಿಯ ರೊಟ್ಟಿ

ಈ ಗ್ರೂಪಿಗೆ ದಿನಾ ಮುಂಜಾನೆ ಹೂವಿನ ಫೋಟೋ ಕಳಿಸೋಳು ನಾನೇ. ಇವತ್ತು ಹೂವಿಲ್ಲ... ನಮ್ಮ ಮನೆಯದೇ ಒಂದು ಕಥೆ ಇದೆ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡಿ ಮತ್ತೆ.

ನಮ್ಮ ಯಜಮಾನರು ಶಿವಪುತ್ರಪ್ಪ. ಹುಬ್ಬಳ್ಳಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಬಂಗಾರದಂಥ ಮನುಷ್ಯ... ಆದರೆ ಊಟಕ್ಕೆ ಕೂತರೆ ಎದುರಿಗೆ ಯಾರಿದ್ದಾರೆ ಅನ್ನೋದೂ ಗೊತ್ತಾಗುತ್ತಿರಲಿಲ್ಲ.

ನಾನು ಮಧ್ಯಾಹ್ನವೇ ಎಂಟು ಜೋಳದ ರೊಟ್ಟಿ ಬಡಿದು ಹಾಟ್‌ಬಾಕ್ಸ್‌ಗೆ ತುಂಬಿಡುತ್ತಿದ್ದೆ. ಅವರು ಅಂಗಡಿಯಿಂದ ಬಂದು ಟಿವಿ ಮುಂದೆ ಕೂರೋರು... ನ್ಯೂಸ್ ಮುಗಿಯೋದರೊಳಗೆ ಡಬ್ಬಿ ಖಾಲಿ!

ನಾನೂ ಏನು ಕಡಿಮೆ ಇಲ್ಲ ಬಿಡಿ. "ಇನ್ನೊಂದು ಹಾಕ್ಕೋರಿ, ನನ್ನ ಮ್ಯಾಲ ಆಣಿ" ಅಂತ ಒತ್ತಾಯ ಮಾಡಿ ಬಡಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಅವರ ಅಕ್ಕ ನೀಲವ್ವನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ಅನುಕೂಲ ಅಂತ ನಮ್ಮ ಮನೆಗೇ ಬಂದರು.

ಇವರು ಹಿಂದೆ ಮುಂದೆ ನೋಡಲಿಲ್ಲ. "ನಂದೊಂದು ಕಿಡ್ನಿ ತಗೋರಿ" ಅಂದುಬಿಟ್ಟರು. ಪರೀಕ್ಷೆಯಲ್ಲಿ ಎಲ್ಲವೂ ಹೊಂದಿಕೆ ಆಯಿತು... ತೂಕ ಒಂದು ಬಿಟ್ಟು.

ಡಾಕ್ಟರು ಹೇಳಿದರು, "ತೊಂಬತ್ತೆಂಟು ಕೆಜಿ ಇದ್ದೀರಿ. ಇಷ್ಟು ತೂಕದಲ್ಲಿ ಆಪರೇಷನ್ ನಿಮಗೇ ಅಪಾಯ. ಹದಿನಾಲ್ಕು ಕೆಜಿ ಇಳಿಸಿಕೊಂಡು ಬನ್ನಿ. ಆದರೆ ನಿಧಾನವಾಗಿ ಇಳಿಸಿ... ಇಳಿದದ್ದು ಮತ್ತೆ ಏರಬಾರದು."

ನಿಧಾನ ಅನ್ನೋ ಮಾತು ಇವರ ಕಿವಿಗೆ ಬೀಳಲೇ ಇಲ್ಲ! ಮರುದಿನವೇ ತೂಕ ಇಳಿಸೋ ಪೌಡರ್ ಡಬ್ಬಿ ಬಂತು. ಮುಂಜಾನೆ ಪೌಡರ್, ಸಂಜೆಗೂ ಪೌಡರ್... ಒಂದು ತಿಂಗಳಿಗೆ ಆರು ಕೆಜಿ ಇಳಿದರು. ಮುಖ ಬಾಡಿದ ಬದನೆಕಾಯಿ ಆಯಿತು, ಗಿರಾಕಿಗಳ ಮೇಲೆಲ್ಲ ಸಿಡಿಮಿಡಿ.

ಅಷ್ಟರಲ್ಲಿ ನನ್ನ ತಂಗಿ ಮಗಳ ಮದುವೆ. ಹಸಿದ ಹೊಟ್ಟೆ ಎಷ್ಟು ದಿನ ಸುಮ್ಮನಿರುತ್ತೆ ಹೇಳಿ? ಒಂದೇ ಪಂಕ್ತಿಯಲ್ಲಿ ಏಳು ಹೋಳಿಗೆ! ಅಲ್ಲಿಂದ ಲಗಾಮೇ ಇಲ್ಲ... ಮುಂದಿನ ತಿಂಗಳು ಕಾಟಾ ಮೇಲೆ ನಿಂತರೆ ತೊಂಬತ್ತೊಂಬತ್ತು.

ಆ ಸಂಜೆ ಅಡುಗೆಮನೆ ಬಾಗಿಲಲ್ಲಿ ಕೂತು ಮಗುವಿನ ಹಾಗೆ ಅತ್ತರು. "ನಮ್ಮಕ್ಕನ ಜೀವ ಹೋಗಾಕತ್ತೈತಿ... ನನ್ನ ಬಾಯಿನ ಅಡ್ಡ ಬಂತಲ್ಲ!"

ಒಳಗೆ ಮಲಗಿದ್ದ ನೀಲವ್ವ ಅದನ್ನು ಕೇಳಿಸಿಕೊಂಡು ಎದ್ದು ಬಂದರು. ಒಂದು ಮಾತೂ ಬೈಯಲಿಲ್ಲ. ಟಿವಿ ಆರಿಸಿದರು. ಅಡುಗೆಮನೆಯಲ್ಲೇ ಎರಡು ಮಣೆ ಹಾಕಿದರು.

"ತಮ್ಮಾ, ಅವ್ವ ನಮಗ ಹ್ಯಾಂಗ ರೊಟ್ಟಿ ಕೊಡತಿದ್ಲು, ನೆನಪೈತೇನು?"

ಇವರು ಕಣ್ಣೊರೆಸಿಕೊಂಡರು. "ಪಾಳಿ ಮ್ಯಾಲ..."

ಅವ್ವ ಒಲೆ ಮುಂದೆ ಕೂತು ಒಂದೊಂದೇ ರೊಟ್ಟಿ ಬಡಿಯುತ್ತಿದ್ದರಂತೆ. ಒಂದು ಅಕ್ಕನಿಗೆ, ಮುಂದಿನದು ತಮ್ಮನಿಗೆ. ಪಾಳಿ ಬರೋ ತನಕ ಕಾಯಬೇಕು. ಕಾಯುವಾಗ ಬಾಯಾಡಿಸಲು ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ... ಜೊತೆಗೆ ಹರಟೆ, ಜಗಳ, ನಗು.

"ನೀ ಯಾವಾಗ್ಲೂ ಎರಡಕ್ಕ ಸಾಕು ಅಂತಿದ್ದಿ ಅಕ್ಕಾ. ನಿನ್ನ ಪಾಳಿ ರೊಟ್ಟಿನೂ ನಾನ ತಿಂತಿದ್ದೆ," ಅಂದರು ಇವರು.

ನೀಲವ್ವ ನಕ್ಕರು. "ನನಗೇನು ಹೊಟ್ಟಿ ತುಂಬಿರತಿತ್ತೇನೋ ಹುಚ್ಚಾ? ಅವ್ವಂದು ತಗದ್ರ ನಮ್ಮಿಬ್ಬರಿಗೆ ಉಳಿಯೋವು ಆರ ರೊಟ್ಟಿ. ನೀ ಬೆಳಿಯೋ ಹುಡುಗ... ಅದಕ್ಕ ಸಾಕು ಅಂತಿದ್ದೆ."

ಇವರಿಗೆ ಆಗ ಐವತ್ತೆರಡು ವರ್ಷ. ಆ ಮಾತು ಗೊತ್ತಾದದ್ದು ಆವತ್ತೇ.

ಅಕ್ಕ ಅವರ ಕೈ ಹಿಡಿದುಕೊಂಡರು. "ಆವಾಗ ನನ್ನ ಪಾಳಿ ನಿನಗ ಬಿಟ್ಟೆ. ಈಗ ನಿನ್ನ ಪಾಳಿ ನನಗ ಬಿಡು ತಮ್ಮಾ. ಉಪವಾಸ ಬ್ಯಾಡ, ಪೌಡರ್ ಬ್ಯಾಡ... ನನ್ನ ಮುಂದ ಕುಂತು, ಒಂದೊಂದ ರೊಟ್ಟಿ ಉಣ್ಣು."

ಮರುದಿನದಿಂದ ನನ್ನ ಕೆಲಸ ಹೆಚ್ಚಾಯಿತು! ಹಾಟ್‌ಬಾಕ್ಸ್ ಅಟ್ಟ ಸೇರಿತು. ಸಂಜೆ ಏಳೂವರೆಗೆ ಬಿಸಿ ಬಿಸಿ ಬಡಿದು ಒಂದೊಂದೇ ಕೊಡಬೇಕು. ನನ್ನ ಧಾರಾವಾಹಿ ಹೋಯ್ತು ನೋಡಿ, ಆ ಅತ್ತೆ ಸೊಸೆ ಜಗಳ ಎಲ್ಲಿಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

ನೀಲವ್ವನಿಗೆ ಹಸಿ ಸೊಪ್ಪು ಬೇಡ ಅಂದಿದ್ದರು ಡಾಕ್ಟರು. ಆದರೂ ದಿನಾ ತಾವೇ ಬಿಡಿಸಿ ತಮ್ಮನ ತಟ್ಟೆಗೆ ಹಾಕೋರು. ಒಂದು ರೊಟ್ಟಿ ಮುಗಿದು ಇನ್ನೊಂದು ಬರೋ ತನಕ ಹಳೇ ಓಣಿಯ ಮಾತು... ಎಂಟು ಇದ್ದದ್ದು ಐದಾಯಿತು, ಆಮೇಲೆ ನಾಲ್ಕು, ಆಮೇಲೆ ಮೂರು.

ಯುಗಾದಿಗೆ ಹೋಳಿಗೆ ಮಾಡಿದೆ. ಬೇಡ ಅನ್ನಲಿಲ್ಲ. ತುಪ್ಪ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಒಂದೇ ಒಂದು ತಿಂದರು.

ಕೆಲವು ದಿನ ಡಯಾಲಿಸಿಸ್ ಮುಗಿಸಿ ಬಂದ ನೀಲವ್ವನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಅದನ್ನು ನೋಡಿ ಇವರು ಮತ್ತೆ ಪೌಡರ್ ಹುಡುಕೋರು. "ಅವಸರ ಮಾಡಬ್ಯಾಡೋ... ಪಾಳಿ ಕಾದು ನನಗ ರೂಢಿ ಐತಿ" ಅನ್ನೋರು ಅಕ್ಕ. ನಾನು ಆಚೆ ಹೋಗಿ ಅತ್ತು ಬರುತ್ತಿದ್ದೆ.

ತಿಂಗಳಿಗೆ ಒಂದು ಕೆಜಿ, ಒಂದೂವರೆ ಕೆಜಿ... ಹನ್ನೊಂದು ತಿಂಗಳಿಗೆ ಕಾಟಾ ಎಂಬತ್ನಾಲ್ಕು ತೋರಿಸಿತು. ಆಪರೇಷನ್ ಆಯಿತು. ದೇವರ ದಯೆ, ಇಬ್ಬರೂ ಆರಾಮಾದರು.

ಮೊನ್ನೆ ಸಂಜೆ ಇಬ್ಬರೂ ಮಣೆ ಮೇಲೆ ಕೂತಿದ್ದರು. ಮೂರು ರೊಟ್ಟಿ ಆದ ಮೇಲೆ, ಹಳೇ ಚಾಳಿ ನೋಡಿ, ನನ್ನ ಬಾಯಿಂದ ಬಂದೇಬಿಟ್ಟಿತು... "ಇನ್ನೊಂದು ಹಾಕ್ಲೇನ್ರಿ?"

ಇವರು ತಟ್ಟೆಗೆ ಕೈ ಅಡ್ಡ ಹಿಡಿದರು. "ಸಾಕು. ಇದು ಅಕ್ಕನ ಪಾಳಿ."

ನೀಲವ್ವ ತಮ್ಮನ ಮುಖವನ್ನೇ ನೋಡಿದರು. "ಖರೇನ ಸಾಕೇನೋ? ಇಲ್ಲಾ ನನ್ನಂಗ ಸುಳ್ಳು ಹೇಳಾಕತ್ತೀ?"

"ಖರೇನ ಹೊಟ್ಟಿ ತುಂಬೈತಿ ಅಕ್ಕಾ."

ನೀಲವ್ವ ಆ ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಕಣ್ಣೀರು ಇಳಿಯುತ್ತಲೇ ಇತ್ತು, ಆದರೂ ಪೂರ್ತಿ ತಿಂದರು...

ಹೊಟ್ಟೆಗೆ ಶಿಕ್ಷೆ ಕೊಟ್ಟು ಇಳಿಸಿದ ತೂಕ ನಾಲ್ಕು ದಿನ. ಸಾಕು ಅನ್ನೋದನ್ನು ಕಲಿತು ಇಳಿಸಿದ್ದು ಜೀವನಪೂರ್ತಿ.

ಇವತ್ತು ಸಂಜೆ ನೀವು ಊಟಕ್ಕೆ ಕೂರೋದು ಟಿವಿ ಮುಂದೆಯೋ... ನಿಮಗಾಗಿ ಯಾವತ್ತೋ ಸಾಕು ಅಂದವರ ಮುಂದೆಯೋ?