ಠಾಣೆಯ ರಸೀದಿ

ನಮ್ಮೂರಿಗೆ ಹನ್ನೆರಡು ವರ್ಷದಿಂದ ಕಳ್ಳರು ಕಾಲಿಟ್ಟಿಲ್ಲವೆಂದರೆ ಅದು ನನ್ನ ರಿವಾಲ್ವರಿನ ಪುಣ್ಯ. ಅದನ್ನು ಅಂಗಿಯೊಳಗೆ ಸಿಕ್ಕಿಸಿ ಹೊರಟರೆ ಬೀದಿನಾಯಿಗಳೂ ನನ್ನ ಅನುಮತಿ ಕೇಳಿ ಬೊಗಳುತ್ತವೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು ಇದನ್ನೇ ಹೇಳುತ್ತಿದ್ದೆ.

“ಎಲ್ಲರ ಸೊಂಟಕ್ಕೂ ಒಂದೊಂದು ಕೊಟ್ಬಿಡ್ಲಿ. ಮಾರನೇ ದಿನ ಕಳ್ಳತನ ಬಂದ್.”

“ಮಾರನೇ ದಿನ ನನ್ನ ಅಂಗಡೀನೂ ಬಂದ್,” ಎಂದ ಕ್ಷೌರಿಕ ಚೆನ್ನಿಗಪ್ಪ. “ಮೀಸೆ ಸೊಟ್ಟ ಆಯ್ತು ಅಂತ ಗುಂಡು ಹೊಡೆದ್ರೆ?”

“ನಾನಿಲ್ಲಿದೀನಿ, ಮನೇಲಿ ಹೆಂಡ್ತಿ ಒಬ್ಳೇ. ಬಾಗಿಲಿಗೆ ಚಿಲಕಾನೂ ಹಾಕಲ್ಲ. ಬರೋ ಧೈರ್ಯ ಯಾವನಿಗಿದೆ?”

“ಆ ರಿವಾಲ್ವರ್ ನಾವ್ಯಾರೂ ಕಂಡಿಲ್ವಲ್ಲ ಸ್ವಾಮಿ. ಎಲ್ಲಿ, ತೋರ್ಸಿ.”

ಮಾನದ ಪ್ರಶ್ನೆ. ಜೇಬಿನಿಂದ ಚೀಟಿ ತೆಗೆದೆ.

“ಚುನಾವಣೆ ಅಂತ ನಿನ್ನೆ ಠಾಣೆಗೆ ಒಪ್ಪಿಸಿದೀನಿ ಕಣಯ್ಯ. ರಸೀದಿ ನೋಡು. ಹೆಸರು, ವಿಳಾಸ, ಸೀಲು, ಎಲ್ಲಾ ಇದೆ.”

ಚೆನ್ನಿಗಪ್ಪನ ಕೈಗಿಂತ ಮೊದಲು ಕುರ್ಚಿಯಲ್ಲಿದ್ದ ಗಿರಾಕಿಯ ಕೈ ಮುಂದೆ ಬಂತು. ಹೊಸ ಮುಖ, ಅರ್ಧ ನೊರೆ. ಅವನು ರಸೀದಿಯನ್ನು ಎರಡು ಸಲ ಓದಿದ.

“ವಾಪಸ್ ಯಾವಾಗ ಕೊಡ್ತಾರೆ ಸಾರ್?”

“ಮತ ಎಣಿಕೆ ಆದ್ಮೇಲೆ. ಇನ್ನೂ ಹದಿನೆಂಟು ದಿನ.”

ಅವನು ರಸೀದಿಯನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟು ಎದ್ದ.

“ನನ್ ಸರದಿ ನೀವೇ ತಗೊಳ್ಳಿ ಸಾರ್. ನಿಧಾನಕ್ಕೆ ಮಾಡಿಸ್ಕೊಳ್ಳಿ.”

ಉಳಿದ ಅರ್ಧ ಗಡ್ಡದ ನೊರೆಯನ್ನು ತೋಳಿನಿಂದ ಒರೆಸಿಕೊಳ್ಳುತ್ತ, ಬೈಕನ್ನು ನಮ್ಮ ಬೀದಿಯ ಕಡೆಗೆ ತಿರುಗಿಸಿದ.