ಹಾಡಿಲ್ಲದ ನಿಮಿಷ

"ಇಲ್ಲಿ ಯಾವ ಹಾಡು ಮೇಷ್ಟ್ರೇ?"

ನಜರ್‌ಬಾದಿನ ಶಾಲೆಯ ಸಭಾಂಗಣ ತುಂಬಿತ್ತು. ರಂಗದ ಪಕ್ಕದ ಮರೆಯಲ್ಲಿ ನಿಂತು ಜವರಯ್ಯ ಮತ್ತೆ ಅದನ್ನೇ ಕೇಳಿದ. ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ರಾಜಪಾರ್ಟು ಮಾಡಿ, ಕಂಪನಿ ಮುಚ್ಚಿದ ಮೇಲೆ ಮನೆ ಹಿಡಿದಿದ್ದವನು. ಒಂದು ತಿಂಗಳ ತಾಲೀಮಿನಲ್ಲಿ ಈ ಪ್ರಶ್ನೆ ಕೇಳದ ದಿನವಿಲ್ಲ.

"ಹಾಡಿಲ್ಲ ಜವರಯ್ಯನೋರೆ," ಎಂದ ಷಡಕ್ಷರಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು; ನಾಟಕ ಬರೆದವನೂ ಆಡಿಸುವವನೂ ಅವನೇ. "ಮಗಳನ್ನ ಗಂಡನ ಮನೆಗೆ ಕಳಿಸಿ ವಾಪಸ್ ಬರ್ತೀರಿ. ಬೆಳಿಗ್ಗೆ ಅವಳು ಹಾಕಿದ ರಂಗೋಲಿ ಬಾಗಿಲಲ್ಲಿ ಹಂಗೇ ಇದೆ. ತುಳಿಯೋಕಾಗಲ್ಲ. ನಿಂತ್ಕೋತೀರಿ. ಒಂದು ನಿಮಿಷ. ಅಷ್ಟೇ."

"ಒಂದು ಕಂದಪದ್ಯವಾದ್ರೂ?"

"ಇಲ್ಲ."

"ಹೋಗ್ಲಿ, ಅಯ್ಯೋ ಮಗಳೇ ಅಂತ ಒಂದು ಮಾತು?"

"ಉಸಿರೂ ಕೇಳಿಸಬಾರದು."

"ಸುಮ್ನೆ ನಿಂತ್ಕೊಳ್ಳೋಕೆ ನಾನೇ ಬೇಕಿತ್ತಾ? ಒಂದು ಕಂಬ ನೆಟ್ಟಿದ್ರೆ ಸಾಲ್ತಿತ್ತು. ಕಾಫಿ ತಿಂಡಿನೂ ಉಳೀತಿತ್ತು ಬುಡಿ."

ಷಡಕ್ಷರಿಗೆ ನಗು ಬರಲಿಲ್ಲ. ರಾಜ್ಯ ಒಂದಾದ ವರ್ಷ ಅವನು ಮೊದಲ ಸಲ ಪರದೆಯಿಲ್ಲದೆ ನಾಟಕ ಆಡಿಸಿದಾಗ, ಜನ ಪರದೆ ಏಳಲೆಂದು ಕಾಯುತ್ತ, ಒಂದು ಅಂಕ ಮುಗಿಯುವವರೆಗೂ ಪಕ್ಕದವರ ಜೊತೆ ಹರಟುತ್ತಿದ್ದರು. ಮರುವರ್ಷದ ನಾಟಕಕ್ಕೆ, ಕಾಫಿ ಕುಡಿದು ಬರುತ್ತೇವೆಂದು ಎದ್ದ ಅರ್ಧ ಸಭೆ ಇನ್ನೂ ಬಂದಿಲ್ಲ. ಇದೂ ಬಿದ್ದುಹೋದರೆ ಮುಂದಿನ ಸಲ ಬಾಡಿಗೆ ಪರದೆ, ಹಾರ್ಮೋನಿಯಂ, ಒಂದು ಪೌರಾಣಿಕ ನಾಟಕ ಎಂದು ನಾಟಕಕ್ಕೆ ದುಡ್ಡು ಹಾಕುವ ಸಂಘದವರು ತೀರ್ಮಾನಿಸಿದ್ದರು. ಹಾಗೇನಾದರೂ ಆದರೆ ತಾನು ಮತ್ತೆ ನಾಟಕದ ಸಹವಾಸಕ್ಕೇ ಬರುವುದಿಲ್ಲವೆಂದು ಷಡಕ್ಷರಿ ಮಾತು ಕೊಟ್ಟುಬಿಟ್ಟಿದ್ದ. ಅವನ ಬರವಣಿಗೆಯೆಲ್ಲ ಈಗ ಆ ಒಂದು ನಿಮಿಷದ ಮೇಲೆ ನಿಂತಿತ್ತು.

ಮುಂದಿನ ಬೆಂಚಿನಲ್ಲಿ ಅವನ ಸೋದರತ್ತೆ ಪುಟ್ಟಬಸಮ್ಮ ಕೂತಿದ್ದಳು. ವಿದ್ಯಾರಣ್ಯಪುರದ ಮನೆಯಿಂದ ದಿನಾ ಸಂಜೆ ಮಠಕ್ಕೆ ನಡೆದು ಹೋಗಿ, ಅಲ್ಲಿ ರಾಗವಾಗಿ ಓದುವ ಪುರಾಣವನ್ನು ಕಣ್ಣು ಮುಚ್ಚಿ ಕೇಳಿ ಬರುವ ಮುದುಕಿ. "ನಿನ್ನ ನಾಟಕದಲ್ಲಿ ದೇವರು ಬರಲ್ವಂತಲ್ಲೋ," ಎಂದು ಬಾಗಿಲಲ್ಲೇ ಕೇಳಿದ್ದಳು.

"ಇಲ್ಲ ಅತ್ತೆ."

"ಹಾಡು?"

"ಅದೂ ಇಲ್ಲ."

"ಮತ್ತೆ ಜನ ಯಾಕೆ ಬರ್ತಾರೋ, ಪಾಪ," ಎನ್ನುತ್ತ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಅಂತೂ ಎದ್ದು ಹೋಗಿರಲಿಲ್ಲ, ಅದೇ ದೊಡ್ಡದು.

ಜವರಯ್ಯ ಶಲ್ಯ ಹೆಗಲಿಗೇರಿಸಿ ರಂಗಕ್ಕೆ ಹೋದ. ಬಾಗಿಲೆಂದರೆ ನೆಲದ ಮೇಲಿನ ಒಂದು ರಂಗೋಲಿ, ಅಷ್ಟೇ. ಕಾಲೆತ್ತಿದ; ರಂಗೋಲಿ ಕಂಡ; ಕಾಲನ್ನು ಹಿಂದಕ್ಕಿಟ್ಟು ನಿಂತ. ಯಾರೋ ಕೆಮ್ಮಿದರು. ಹಿಂದೆಲ್ಲೋ ಬೆಂಚು ಕಿರುಗುಟ್ಟಿತು. ಷಡಕ್ಷರಿ ಕೈಗಡಿಯಾರದಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತು ಸೆಕೆಂಡು. ನಲವತ್ತು. ಅರವತ್ತಕ್ಕೆ ಸರಿಯಾಗಿ ಮುದುಕ ರಂಗೋಲಿಯ ಬದಿಯಿಂದ ಹೆಜ್ಜೆಯಿಟ್ಟು ಒಳಗೆ ಬಂದ.

ಆಗ, ಮಠದಲ್ಲಿ ಒಂದು ಪದ್ಯ ಮನಸ್ಸಿಗೆ ಹತ್ತಿದಾಗ ಓದುವವರಿಗೆ ಹೇಳುವ ದನಿಯಲ್ಲೇ ಪುಟ್ಟಬಸಮ್ಮ ಹೇಳಿದಳು: "ಇನ್ನೊಂದ್ಸಲ ಆಗ್ಲಿ ನಮ್ಮಪ್ಪಾ."

ಹಿಂದಿನ ಬೆಂಚುಗಳಿಗೆ ಅಷ್ಟೇ ಸಾಕಾಯಿತು. "ಒನ್ಸ್ ಮೋರ್" ಎಂದ ಒಬ್ಬ. ಆಮೇಲೆ ಹತ್ತು ಜನ. ಆಮೇಲೆ ಇಡೀ ಸಭೆ.

ಗೇಲಿ ಮಾಡುತ್ತಿದ್ದಾರೆಂದೇ ಷಡಕ್ಷರಿ ತಿಳಿದ. ನಟನಾದವನು ಸಭೆಯ ಕಡೆ ಕತ್ತು ಕೂಡ ತಿರುಗಿಸಬಾರದೆಂದು ತಿಂಗಳಿಡೀ ಪಾಠ ಹೇಳಿದ್ದ. "ಬೇಡಿ, ಮುಂದಕ್ಕೆ ಹೋಗಿ," ಎಂದು ಮರೆಯಿಂದ ಕೈಸನ್ನೆ ಮಾಡಿದ. ಆದರೆ ಜವರಯ್ಯ ಕಂಪನಿ ನಾಟಕದ ಯುದ್ಧದಲ್ಲಿ ಸತ್ತು ಬಿದ್ದಿದ್ದಾಗಲೂ ಒನ್ಸ್ ಮೋರ್ ಎಂದರೆ ಎದ್ದು ಕೂತು, ಹಾಡಿ, ಮತ್ತೆ ಸತ್ತ ಮನುಷ್ಯ. ಸಭೆಗೆ ಕೈಮುಗಿದ. ಮರೆಗೆ ಬಂದ. ಶಲ್ಯ ಸರಿಮಾಡಿಕೊಂಡು ಮೊದಲಿನಂತೆಯೇ ಹೊರಟ.

ಕಾಲೆತ್ತಿದ, ಕಂಡ, ನಿಂತ.

ಈ ಸಲ ಕೆಮ್ಮಿಲ್ಲ. ಸುಣ್ಣ ಸವರಿದ ಎಲೆ ಪುಟ್ಟಬಸಮ್ಮನ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತುಬಿಟ್ಟಿತು. ಹೆಂಗಸರ ಕಡೆ ಯಾರೋ ಮೂಗೊರೆಸಿಕೊಂಡರು. ಷಡಕ್ಷರಿಗೆ ಗಡಿಯಾರದ ನೆನಪಾದಾಗ ಎರಡು ನಿಮಿಷ ದಾಟಿತ್ತು, ಮುದುಕ ಇನ್ನೂ ನಿಂತೇ ಇದ್ದ, ಯಾರೂ ಕಾಫಿಗೆ ಎದ್ದಿರಲಿಲ್ಲ.

ನಾಟಕ ಮುಗಿಯಿತು. ಸಂಘದ ಕಾರ್ಯದರ್ಶಿ ಮಹದೇವಪ್ಪ ಓಡಿಬಂದು, "ಮುಂದಿನ ವರ್ಷದ್ದು ಯಾವಾಗ ಬರೆದು ಕೊಡ್ತೀರಿ ಮೇಷ್ಟ್ರೇ?" ಎಂದು ಕೇಳಿದ; ಪರದೆಯ ಮಾತೆತ್ತಲಿಲ್ಲ. ಷಡಕ್ಷರಿ ಹೂಂ ಎಂದವನೇ ನೇರ ಬಣ್ಣದ ಕೋಣೆಗೆ ಹೋದ. ಜವರಯ್ಯ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದ.

"ಒಂದು ನಿಮಿಷ ಅಂದಿದ್ದೆ ಜವರಯ್ಯನೋರೆ. ಮೊದಲನೇ ಸಲ ಕರೆಕ್ಟಾಗಿ ನಿಂತ್ರಿ. ಎರಡನೇ ಸಲ ಏನಾಯ್ತು?"

ಜವರಯ್ಯ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ.

"ಕೋಪ ಮಾಡ್ಕೋಬೇಡಿ. ಗಡಿಯಾರದ ಲೆಕ್ಕ ನಂಗೆಂಗೆ ಗೊತ್ತಾಗ್ಬೇಕು? ಒಳಗೊಳಗೇ ಹಾಡ್ಕೋತಿದ್ದೆ. ಪಲ್ಲವಿಗೆ ಸರಿಯಾಗಿ ಒಂದು ನಿಮಿಷ ಆಯ್ತದೆ."

"ಎರಡನೇ ಸಲ?"

"ಜನ ಅಷ್ಟು ಪ್ರೀತಿಯಿಂದ ಒನ್ಸ್ ಮೋರ್ ಅಂದ್ರಲ್ಲ ಮೇಷ್ಟ್ರೇ," ಎಂದ ಜವರಯ್ಯ. "ಚರಣಾನೂ ಹಾಡ್ಬುಟ್ಟೆ."